ಕೀಲಿಕೈ ಕೊಟ್ಟ ಮಾತ್ರಕ್ಕೆ

ವಿಜಯನಗರ, ಬೆಂಗಳೂರು

ಚಿ. ಸೌ. ಸುಮಾಳಿಗೆ ಅಪ್ಪನ ಆಶೀರ್ವಾದಗಳು.

ಕೆಂಗೇರಿಯ ಫ್ಲ್ಯಾಟಿನ ವಿಷಯ ನಿನ್ನಮ್ಮ ಹೇಳಿದಳು. ಫೋನಿನಲ್ಲಿ ಹೇಳಿದರೆ ನೀನು “ಆಯ್ತಪ್ಪ” ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಸದ್ಯಕ್ಕೆ ಕರಾರುಪತ್ರ, ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಸಾಕು, ಪೂರ್ತಿ ದುಡ್ಡು ಕೊಟ್ಟರೆ ನಾಳೆಯೇ ಕೀಲಿಕೈ, ರಿಜಿಸ್ಟ್ರೇಷನ್ ನಿಧಾನಕ್ಕೆ ಮಾಡಿಕೊಂಡರಾಯಿತು ಅಂದನಂತೆ ಬ್ರೋಕರು. ಆ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಿನಗೆ ನೆನಪಿದೆಯೋ ಇಲ್ಲವೋ, 1996ರಲ್ಲಿ ಕೆಂಗೇರಿ ಉಪನಗರದ ಆಚೆ ನಾನೊಂದು ಸೈಟು ತೆಗೆದುಕೊಂಡೆ. ರೆವಿನ್ಯೂ ಸೈಟು. ಅಂಥವು ಆಗ ಬಹುಪಾಲು ಜಿಪಿಎ ಮೇಲೆಯೇ ವ್ಯಾಪಾರವಾಗುತ್ತಿದ್ದವು. ಜಮೀನಿನ ಯಜಮಾನರು ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, “ಇನ್ನು ನಿಮ್ದೇ ಸ್ವಾಮಿ” ಅಂದರು. ಕಾಂಪೌಂಡು ಹಾಕಿಸಿದೆ, ಗೇಟಿಗೆ ಬೀಗ ಜಡಿದೆ, ವರ್ಷವರ್ಷ ಕಂದಾಯ ಕಟ್ಟಿದೆ. ಆ ರಸೀದಿಗಳನ್ನೇ ಹಕ್ಕುಪತ್ರ ಅಂದುಕೊಂಡು ಬೀರುವಿನಲ್ಲಿ ಜೋಪಾನ ಮಾಡಿದೆ.

ಎಂಟು ವರ್ಷಕ್ಕೆ ಯಜಮಾನರು ತೀರಿಕೊಂಡರು. ಅಧಿಕಾರ ಕೊಟ್ಟವರು ಹೋದರೆ ಸಾಮಾನ್ಯವಾಗಿ ಜಿಪಿಎಯೂ ಅವರ ಹಿಂದೆಯೇ ಹೋಗುತ್ತದೆ. ಮಕ್ಕಳು ಬಂದು ಗೇಟಿನ ಮುಂದೆ ನಿಂತರು. ಕೆಟ್ಟವರಲ್ಲ, ಆದರೂ ಆವತ್ತಿನ ಬೆಲೆ ಕೇಳಿದರು. ಮತ್ತೆ ದುಡ್ಡು ಸುರಿದು ಕ್ರಯಪತ್ರ ಮಾಡಿಸಿಕೊಂಡೆ. ನಿನ್ನಮ್ಮನ ಎರಡೆಳೆ ಸರ ಹೋದದ್ದು ಅದಕ್ಕೇ. ಲಾಕರಿನಲ್ಲಿದೆ ಅಂತ ನಿನಗೆ ಸುಳ್ಳು ಹೇಳಿದ್ದೆ.

ಕಾಯ್ದೆ ಓದಿದ್ದು ಆಮೇಲೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ವರ್ಗಾವಣೆಯೆಂದರೆ ಬದುಕಿರುವವರು ಬದುಕಿರುವವರಿಗೆ ಸ್ವತ್ತಿನ ಹಕ್ಕು ದಾಟಿಸುವುದು. ಸತ್ತ ಮೇಲೆ ಜಾರಿಗೆ ಬರುವ ಉಯಿಲು ಆ ಲೆಕ್ಕಕ್ಕೆ ಸೇರದು. 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯಕ್ಕೆ ನೋಂದಾಯಿತ ಪತ್ರವೇ ಆಗಬೇಕು. ಇವತ್ತಿಗೂ ಪುಸ್ತಕದಲ್ಲಿರುವುದು ಅದೇ 100 ರೂಪಾಯಿ, ನೋಡು! ಸ್ವಾಧೀನ ಬೇರೆ, ಒಡೆತನ ಬೇರೆ. ಕೀಲಿಕೈ ಬಾಡಿಗೆದಾರನ ಸೊಂಟದಲ್ಲೂ ಇರುತ್ತದೆ. 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಡಿಸಿ ಹೇಳಿತು: ಕರಾರು, ಜಿಪಿಎ, ಉಯಿಲು ಮೂರನ್ನೂ ಒಟ್ಟಿಗೆ ಬರೆಸಿಕೊಂಡರೂ ಒಡೆತನ ದಾಟುವುದಿಲ್ಲ. ನನ್ನ ಪಾಲಿಗೆ ಏಳು ವರ್ಷ ತಡವಾಗಿ ಬಂದ ತೀರ್ಪು.

ಮುಂಗಡ ಬೇಕಾದರೆ ಕೊಡು, ಮಗಳೇ. ಮಿಕ್ಕ ಹಣದ ಡಿಡಿ ಮಾತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅವರು ಕ್ರಯಪತ್ರಕ್ಕೆ ಸಹಿ ಹಾಕುವವರೆಗೆ ನಿನ್ನ ಬ್ಯಾಗಿನಲ್ಲೇ ಇರಲಿ. ಅದಕ್ಕೂ ಮುಂಚೆ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸು. ಬ್ರೋಕರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಭಾನುವಾರ ಬರುವಾಗ ಕರಾರಿನ ಕರಡು ತಾ, ಕೂತು ಓದೋಣ. ಅಲ್ಲಿಯವರೆಗೆ ಯಾವುದಕ್ಕೂ ಸಹಿ ಹಾಕಬೇಡ.

ಇಂತಿ,
ನಿನ್ನ ಅಪ್ಪ