ಮೊದಲು ಕೋಣೆ, ಆಮೇಲೆ ಕಂಪ್ಯೂಟರ್

ಡೆಸ್ಕ್‌ಟಾಪಿನ ಹಿಂಬದಿಯಲ್ಲಿ ಗುಲಾಬಿ ಬಣ್ಣದ ತೂತು ಮೈಕಿನದು, ಹಸಿರು ಸ್ಪೀಕರಿನದು. ಮೊಬೈಲಿನ ಇಯರ್‌ಫೋನನ್ನು ಆ ಗುಲಾಬಿ ತೂತಿಗೆ ಚುಚ್ಚಿದರೆ ದನಿ ಸರಿಯಾಗಿ ಬರುವುದಿಲ್ಲ. ಅದರ ಪಿನ್ನಿಗೆ ನಾಲ್ಕು ಪಟ್ಟಿ, ತೂತು ಮಾಡಿರುವುದು ಮೂರಕ್ಕೆ. ನಡುವೆ ವೈ ಕೇಬಲ್ ಹಾಕಬೇಕು. ಇಷ್ಟು ಸಣ್ಣ ಸಂಗತಿಯನ್ನು ಹೇಳಿಕೊಡುವವರು ಸಿಗದೆ ಎಷ್ಟೋ ಜನ ಕಂಪ್ಯೂಟರಿನಲ್ಲಿ ದನಿ ಹಿಡಿಯುವುದನ್ನೇ ಕೈಬಿಡುತ್ತಾರೆ.

ನಾನು ಇದರ ಬೆನ್ನು ಹತ್ತಿದ್ದು ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಕಡೆಯ ಹಿರಿಯರ ಮಾತು, ಅವರು ಹಾಡುವ ಪದ ಉಳಿಯಲಿ ಎಂದು. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ನಿಜಾಮರ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರಿಗೆ ಮೊದಲು ಹಾಗೆ ಅಕ್ಷರ ತಿದ್ದಿದವರಿಗೆ ಈಗ ಎಂಬತ್ತು ದಾಟಿದೆ. ಅವರ ದನಿ ಹಿಡಿಯುವುದನ್ನು ಮುಂದಿನ ವರ್ಷಕ್ಕೆ ಇಡುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಗುಂಯ್‌ಗುಡುವ ಸದ್ದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ತೂಗುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಆ ತೂಗಾಟವೇ ಮೈಕಿನ ತಂತಿಯೊಳಗೆ ನುಗ್ಗುತ್ತದೆ. ಸಿಪಿಯು ಡಬ್ಬಿ ಮುಟ್ಟಿದರೆ ಬೆರಳು ಜುಮ್ಮೆನ್ನುವುದು ಅದರ ಗುರುತು. ಬೀದರ್ ನಿಂತಿರುವುದೇ ಜಂಬಿಟ್ಟಿಗೆ ಕಲ್ಲಿನ ಮೇಲೆ. ಬೇಸಿಗೆಯಲ್ಲಿ ಆ ನೆಲ ಒಣಗಿದರೆ ಅರ್ಥಿಂಗ್ ಸೋಲುತ್ತದೆ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ನೀರು ಹಾಕಿಸಿದ ಮೇಲೆಯೇ ನಮ್ಮ ಮನೆಯ ಗುಂಯ್‌ಗಾಟ ಇಳಿಯಿತು. ತಂತ್ರಾಂಶದಲ್ಲಿ ಹುಡುಕಿದ್ದರೆ ಈ ಮದ್ದು ಎಂದೂ ಸಿಗುತ್ತಿರಲಿಲ್ಲ.

ಆಮೇಲೆ ಪಂಖಾ. ಔರಾದಿನ ಅಜ್ಜಿಯೊಬ್ಬರು ಕೇಳಿದರು, "ಪಂಖಾ ಬಂದ್ ಮಾಡಿದ್ರ ಈ ಧಗಿದಾಗ ಪದ ಹ್ಯಾಂಗ ಬರ್ತಾವೋ ತಮ್ಮಾ?" "ಎರಡು ಪದ ಹಾಡ್ರಿ ಆಯಿ, ಆಮ್ಯಾಲ ಹಚ್ತೀನಿ," ಎಂದೆ. ಹಾಡುವವರ ಉಸಿರಿಗಿಂತ ನಮ್ಮ ರೆಕಾರ್ಡಿಂಗ್ ದೊಡ್ಡದಲ್ಲ. ಹಾಗಾಗಿ ಎರಡೆರಡು ಪದಕ್ಕೆ ವಿರಾಮ.

ಸಿಪಿಯು ಒಳಗೂ ಒಂದು ಫ್ಯಾನ್ ಇದೆ, ಅದನ್ನು ಆರಿಸುವಂತಿಲ್ಲ. ಯುಎಸ್‌ಬಿ ಮೈಕ್ ಕೊಂಡು, ಐದು ಮೀಟರಿನೊಳಗಿನ ತಂತಿ ಎಳೆದು, ಡಬ್ಬಿಯನ್ನು ಪಡಸಾಲೆಯಲ್ಲಿಟ್ಟು ಹಾಡುವವರನ್ನು ಒಳಮನೆಯಲ್ಲಿ ಕೂರಿಸಿದೆ. ಸಿಮೆಂಟು ಗೋಡೆಯ ಮಾರ್ದನಿಗೆ ಮನೆಯ ಕೌದಿಗಳನ್ನೇ ತೂಗುಹಾಕಿದೆವು. ಬೀದರ್ ನಗರದಲ್ಲಾದರೆ ವಾಯುಪಡೆಯ ತರಬೇತಿ ವಿಮಾನ ತಲೆಯ ಮೇಲಿಂದ ದಾಟುವವರೆಗೆ ಸುಮ್ಮನಿದ್ದು, ಮತ್ತೆ ಪಲ್ಲವಿಯಿಂದ ಹಿಡಿಯುವುದು.

ತಂತ್ರಾಂಶದ ಮಾತು ಚಿಕ್ಕದು. 2000ರಿಂದ ಬಿಟ್ಟಿಯಾಗಿ ಸಿಗುವ ಆಡಾಸಿಟಿ ಸಾಕು. ಒಬ್ಬರ ದನಿಗೆ ಮೋನೋ ಇರಲಿ. ಮಟ್ಟ ಮೈನಸ್ 12 ಡೆಸಿಬಲ್ಲಿನ ಆಸುಪಾಸು ಇರಲಿ, ಶೂನ್ಯ ಮುಟ್ಟಿದರೆ ದನಿ ಒಡೆಯುತ್ತದೆ, ಒಡೆದದ್ದು ಮತ್ತೆ ಕೂಡದು. ಮೈಕ್ ಬೂಸ್ಟ್ ಏರಿಸುವುದಕ್ಕಿಂತ ಮೈಕನ್ನು ಬಾಯಿಗೆ ಒಂದು ಗೇಣು ಹತ್ತಿರ ತರುವುದು ಲೇಸು. ಬೂಸ್ಟ್ ಗದ್ದಲವನ್ನೂ ಏರಿಸುತ್ತದೆ.

ಗದ್ದಲ ತೆಗೆಯುವ ಸವಲತ್ತಿನ ಬಗ್ಗೆ ಮಾತ್ರ ನನಗೆ ಗಟ್ಟಿ ಅಭಿಪ್ರಾಯವಿದೆ. ಒಂದೇ ಸಮನೆ ಬರುವ ಸದ್ದೆಲ್ಲ ಅದರ ಲೆಕ್ಕದಲ್ಲಿ ಕಸ. ಬೀಸುವ ಪದದಲ್ಲಿ ಕಲ್ಲಿನ ಗರಗರವೇ ತಾಳ. ಕಲ್ಲು ತಿರುಗುವ ಬಿರುಸಿಗೆ ಸಾಲು ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಅದನ್ನು ಅಳಿಸಿದರೆ ಪದ ನೆಲೆ ತಪ್ಪುತ್ತದೆ. ಅದಕ್ಕೇ ಮೂಲ ಕಡತವನ್ನು ಮುಟ್ಟದೆ ವೇವ್ ರೂಪದಲ್ಲಿ ಇಡುತ್ತೇನೆ. ತಾಸಿಗೆ ಸುಮಾರು 300 ಎಂಬಿ, ಈಗಿನ ಡಿಸ್ಕಿಗೆ ಅದೇನೂ ಭಾರವಲ್ಲ. ಊರು, ತಾರೀಖು, ಯಾವ ಸಾಲಿನಲ್ಲಿ ಕನ್ನಡ ಮರಾಠಿಗೆ ಹೊರಳಿತು ಎಂಬುದನ್ನು ಅದೇ ದಿನ ಬರೆದು ಜೊತೆಗಿಡುತ್ತೇನೆ. ತೊಳೆದ ಪ್ರತಿ ಬೇಕಾದವರಿಗೆ ಬೇರೆ ಮಾಡಿಕೊಡುತ್ತೇನೆ.