ಜಾಗ ಮಾರುವ ಮೊದಲು ಊರಿನ ಬಗ್ಗೆ ಬರೆಯಿರಿ

‘ಮಣಿಪಾಲಕ್ಕೆ ಹತ್ತಿರ, 5 ಸೆಂಟ್ಸ್, ಕ್ಲಿಯರ್ ಟೈಟಲ್, ಕೂಡಲೇ ಸಂಪರ್ಕಿಸಿ.’ ಉಡುಪಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಸಂದೇಶಗಳಿಗೆ ಬರವಿಲ್ಲ. ಮುಂಬಯಿಯಲ್ಲೋ ದುಬೈಯಲ್ಲೋ ಇದ್ದುಕೊಂಡು ಊರಲ್ಲೊಂದು ಮನೆ ಮಾಡಬೇಕೆಂದಿರುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಮೇ ತಿಂಗಳಲ್ಲಿ ಬಾವಿಯಲ್ಲಿ ನೀರಿರುತ್ತದೆಯೇ? ಮಳೆಗಾಲದಲ್ಲಿ ರಸ್ತೆಗೆ ನೆರೆ ಬರುತ್ತದೆಯೇ? ಪಂಚಾಯತ್‌ನಿಂದ 9/11 (ನಮೂನೆ 9 ಮತ್ತು 11ರ ಆಸ್ತಿ ದಾಖಲೆ) ಆಗಿದೆಯೇ? ಅವರ ಪ್ರಶ್ನೆಗಳು ಇವು. ಏಜೆಂಟರು, ಸಣ್ಣ ಬಿಲ್ಡರ್‌ಗಳು ಇವುಗಳ ಉತ್ತರವನ್ನು ಊರೂರಿಗೆ ಬಿಡಿಸಿ ಬರೆದು ತಮ್ಮ ಬ್ಲಾಗಿಗೆ ಹಾಕಿದರೆ, ಖರೀದಿದಾರರು ಹುಡುಕುವಾಗ ಅದು ಕಣ್ಣಿಗೆ ಬೀಳುತ್ತದೆ. ವಾಟ್ಸ್‌ಆ್ಯಪ್ ಸಂದೇಶ ಎರಡೇ ದಿನದಲ್ಲಿ ಕೆಳಗೆ ಹೋಗಿರುತ್ತದೆ.

ಮೊದಲು ಒಂದು ಊರು ಹಿಡಿಯಿರಿ

ಇಡೀ ಜಿಲ್ಲೆಯನ್ನು ಒಂದೇ ಬರಹಕ್ಕೆ ತುಂಬಬೇಡಿ. 1953ರಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಶುರುವಾದ ಮಣಿಪಾಲದಲ್ಲಿ ಮನೆ ಹುಡುಕುವವರು ವೈದ್ಯರು, ಪ್ರಾಧ್ಯಾಪಕರು, ಮಕ್ಕಳನ್ನು ಓದಲು ಕಳಿಸಿದ ಹೆತ್ತವರು. ಅವರಿಗೆ ಬಾಡಿಗೆ ಎಷ್ಟು ಬರುತ್ತದೆ, ಆಸ್ಪತ್ರೆಗೆ ನಡೆದು ಹೋಗಬಹುದೇ ಎಂಬುದು ಮುಖ್ಯ. ಕಾಪುವಿನಲ್ಲಿ ಕೇಳುವುದೇ ಬೇರೆ: ಹೆದ್ದಾರಿ 66ಕ್ಕೆ ಎಷ್ಟು ದೂರ, ಇನ್ನಂಜೆ ಅಥವಾ ಪಡುಬಿದ್ರಿ ರೈಲು ನಿಲ್ದಾಣಕ್ಕೆ ಎಷ್ಟು ಹೊತ್ತು, ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರ ಎಷ್ಟು ಹತ್ತಿರ. ಕಾರ್ಕಳಕ್ಕೆ ರೈಲು ಇಲ್ಲ. ನಿಟ್ಟೆಯ ಕಾಲೇಜುಗಳಿವೆ, ಮಂಗಳೂರಿಗೆ ಹೋಗುವ ಹೆದ್ದಾರಿ 169 ಇದೆ. ಹೀಗಾಗಿ ಕಾಪುವಿಗೆ ಬರೆದದ್ದು ಕಾರ್ಕಳಕ್ಕೆ ನಡೆಯದು.

ಮೇಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ಹೋಗಿ ನೋಡಿ

ಡಿಸೆಂಬರ್‌ನಲ್ಲಿ ತೆಗೆದ ಹಸುರು ಫೋಟೊ ಯಾವ ಜಾಗವನ್ನೂ ಚೆಂದ ಕಾಣಿಸುತ್ತದೆ. ಮೇ ಕೊನೆಗೆ ಅಲ್ಲಿಗೆ ಹೋಗಿ ನೆರೆಮನೆಯವರ ಬಾವಿ ನೋಡಿ. ಎಷ್ಟು ಅಡಿಯಲ್ಲಿ ನೀರಿದೆ, ಟ್ಯಾಂಕರ್ ತರಿಸುತ್ತಾರೆಯೇ ಎಂದು ಕೇಳಿ. ಕಡಲ ಬದಿಯಲ್ಲಾದರೆ ಬೇಸಗೆಯಲ್ಲಿ ನೀರು ಉಪ್ಪಾಗುವುದುಂಟು, ಕುಡಿದೇ ನೋಡಿ. ಉಡುಪಿ ನಗರಕ್ಕೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ನೀರು ಬರುತ್ತಿದ್ದರೂ 2019ರ ಬೇಸಗೆಯಲ್ಲಿ ಜನ ನೀರಿಗೆ ಪರದಾಡಿದ್ದನ್ನು ಯಾರೂ ಮರೆತಿಲ್ಲ. ಜುಲೈಯಲ್ಲಿ ಮತ್ತೆ ಹೋದಾಗ ನೆರೆಯ ಬಗ್ಗೆ ಕೇಳಿ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೆರೆ ಬಂದಾಗ ನೀರು ಎಲ್ಲಿಯವರೆಗೆ ಏರಿತ್ತು ಎಂದು ಆ ಬೀದಿಯ ಅಂಗಡಿಯವರು ಗೋಡೆ ತೋರಿಸಿಯೇ ಹೇಳುತ್ತಾರೆ. ಅದನ್ನು ಹಾಗೆಯೇ ಬರೆಯಿರಿ. ಜಾಗದ ಕೊರತೆಯನ್ನು ನೀವೇ ಮೊದಲು ಹೇಳಿದರೆ ಉಳಿದ ಮಾತಿಗೂ ಬೆಲೆ ಬರುತ್ತದೆ. ನನ್ನ ಮಟ್ಟಿಗೆ ಈ ವ್ಯವಹಾರದಲ್ಲಿ ಇದಕ್ಕಿಂತ ಒಳ್ಳೆಯ ಜಾಹೀರಾತಿಲ್ಲ.

ದಾಖಲೆಗಳನ್ನು ಬಿಡಿಸಿ ಹೇಳಿ

ಹೊರಗಿನವರು ಹೆಚ್ಚು ತಡವರಿಸುವುದು ಇಲ್ಲಿ. ನಿಮ್ಮ ಬರಹಕ್ಕೆ ಹೆಚ್ಚು ಓದುಗರು ಸಿಗುವುದೂ ಇಲ್ಲೇ. ಬೆಂಗಳೂರಿನವರು ಗುಂಟೆ, ಸೈಟು ಎನ್ನುತ್ತಾರೆ, ನಮ್ಮಲ್ಲಿ ಸೆಂಟ್ಸ್. ಒಂದು ಸೆಂಟ್ ಎಂದರೆ 435.6 ಚದರ ಅಡಿ, ಎರಡೂವರೆ ಸೆಂಟ್ಸ್ ಸೇರಿ ಒಂದು ಗುಂಟೆ. ಇಷ್ಟನ್ನು ಬರೆದರೂ ಅರ್ಧ ಗೊಂದಲ ಕಳೆಯುತ್ತದೆ.

ಇನ್ನು ಕುಮ್ಕಿ. ‘20 ಸೆಂಟ್ಸ್ ವರ್ಗ, ಕುಮ್ಕಿ ಬೇರೆ ಇದೆ’ ಎಂದು ಮಾರುವವರು ಹೇಳಿದಾಗ, ಬೇಲಿಯೊಳಗಿರುವುದೆಲ್ಲ ತನ್ನದಾಗುತ್ತದೆ ಎಂದುಕೊಳ್ಳುವವರಿದ್ದಾರೆ. ಕುಮ್ಕಿ ಸರಕಾರದ ಜಾಗ. ಪಕ್ಕದ ಕದೀಂ ವರ್ಗದಾರರಿಗೆ (ಹಳೆಯ ಪಟ್ಟಾ ಜಮೀನಿನ ಒಡೆಯರಿಗೆ) ಸೊಪ್ಪು, ಸೌದೆ, ಮೇವಿಗೆ ಅದನ್ನು ಬಳಸುವ ಸವಲತ್ತು ಮಾತ್ರ ಇರುತ್ತದೆ. ಕ್ರಯಪತ್ರದಲ್ಲಿ ಅದನ್ನು ಮಾರಲು ಬರುವುದಿಲ್ಲ. ಪಹಣಿಯಲ್ಲಿ ಏನು ನೋಡಬೇಕು, ಭೂಪರಿವರ್ತನೆ ಆದೇಶ ಹೇಗಿರುತ್ತದೆ, ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಋಣಭಾರ ಪತ್ರ ಪಡೆಯುವುದು ಹೇಗೆ, ಇವಕ್ಕೆಲ್ಲ ಒಂದೊಂದು ಬರಹ ಮೀಸಲಿಡಿ. ಕಾಪು ಕಡಲ ಬದಿಯ ಜಾಗವಾದರೆ, ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ ಕರಾವಳಿ ನಿಯಂತ್ರಣ ವಲಯದ ನಿಯಮ ಬರುತ್ತದೆ ಎಂಬುದನ್ನು ಮರೆಯದೆ ಹೇಳಿ.

ಕಾನೂನು ನಿಮಗೂ ಇದೆ

ಪ್ರಾಜೆಕ್ಟ್ ಬಗ್ಗೆ ಬರೆದು ಗಿರಾಕಿಗಳನ್ನು ಕರೆದರೆ ಅದೂ ಜಾಹೀರಾತೇ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಂತೆ 500 ಚದರ ಮೀಟರ್ ಮೀರಿದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿರುವ ಯೋಜನೆಯನ್ನು ನೋಂದಣಿಗೆ ಮೊದಲು ಪ್ರಚಾರ ಮಾಡುವಂತಿಲ್ಲ. 500 ಚದರ ಮೀಟರ್ ಎಂದರೆ 12 ಸೆಂಟ್ಸ್‌ಗಿಂತ ತುಸು ಹೆಚ್ಚು, ಅಷ್ಟೇ. ನೋಂದಣಿ ಸಂಖ್ಯೆಯನ್ನೂ ರೇರಾ ಪ್ರಾಧಿಕಾರದ ಜಾಲತಾಣದ ವಿಳಾಸವನ್ನೂ ಎದ್ದು ಕಾಣುವಂತೆ ಹಾಕಿ. ಇಂಥ ಯೋಜನೆ ಮಾರುವ ಏಜೆಂಟರೂ ನೋಂದಾಯಿಸಿಕೊಂಡಿರಬೇಕು.

ಬರೆಯುವಾಗ

ತಲೆಬರಹದಲ್ಲಿ ಊರಿನ ಹೆಸರು ಇರಲಿ: ‘ಇನ್ನಂಜೆಯಲ್ಲಿ ಮನೆ ಕಟ್ಟುವವರು ಬಾವಿಯ ಬಗ್ಗೆ ತಿಳಿಯಬೇಕಾದ್ದು’ ಎಂಬಂತೆ. ಜನ ಹುಡುಕುವುದು ಹಾಗೆಯೇ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿ. ಹೊರಊರಿನಲ್ಲಿ ಬೆಳೆದ ಮಕ್ಕಳು ಇಂಗ್ಲಿಷಿನಲ್ಲಿ ಓದಿ ಹೇಳಿದ ಮೇಲೆಯೇ ಅಪ್ಪ ಅಮ್ಮ ಫೋನ್ ಮಾಡುವ ಮನೆಗಳಿವೆ. ಫೋಟೊ ನೀವೇ ತೆಗೆಯಿರಿ, ತೆಗೆದ ತಿಂಗಳನ್ನು ಕೆಳಗೆ ಬರೆಯಿರಿ. ಶುಲ್ಕ, ನಿಯಮ ಬದಲಾದ ದಿನವೇ ಹಳೆಯ ಬರಹ ತಿದ್ದಿ. ಆಸ್ತಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿತು. ಇನ್ನೂ ಶೇ 1 ಎಂದೇ ಇರುವ ಬರಹ ನಂಬಿ ಹಣ ಹೊಂದಿಸಿಕೊಂಡವರು ನೋಂದಣಿಯ ದಿನ ನಿಮ್ಮನ್ನೇ ಬಯ್ಯುತ್ತಾರೆ.

ವಾರಕ್ಕೆ ಮೂರು ಬರಹ ಬೇಕಿಲ್ಲ, ತಿಂಗಳಿಗೆ ಎರಡು ಸಾಕು. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಗ್ರಾಮವನ್ನು ಈ ವಾರವೇ ಆರಿಸಿಕೊಳ್ಳಿ. ಅಲ್ಲಿನ ಬಾವಿ, ರಸ್ತೆ, ಪಹಣಿ ಮೂರನ್ನೂ ನೋಡಿ ಬಂದು ಮೊದಲ ಬರಹ ಹಾಕಿ.