ಅಜ್ಜ ಅಜ್ಜಿಯರ ಮರಣವನ್ನು ಮಕ್ಕಳಿಗೆ ತಿಳಿಸುವ ವಿಷಯ



ಸಂಕೇಶ್ವರ, ಹುಕ್ಕೇರಿ, ಗೋಕಾಕ ಸೀಮೆಯ ನಮ್ಮ ಹಳ್ಳಿಗಳಲ್ಲಿ ತಂದೆತಾಯಿಗಳು ಕಬ್ಬಿನ ಹೊಲಕ್ಕೆ ಹೋದಾಗ ಮಕ್ಕಳನ್ನು ಉಣಿಸಿ ಕಥೆ ಹೇಳುವವರು ಅಜ್ಜ ಅಜ್ಜಿಯರೇ. ಆದರೆ ಅವರು ತೀರಿಹೋದಾಗ ದೊಡ್ಡವರು ಒಬ್ಬರನ್ನೊಬ್ಬರು ಸಂತೈಸಿಕೊಳ್ಳುವರು. ಮಗುವಿಗೋ "ಅಜ್ಜ ಮಲಗಿದ್ದಾನೆ", "ಊರಿಗೆ ಹೋಗಿದ್ದಾನೆ" ಎಂದು ಹೇಳಿಬಿಡುವರು. ಇದು ಪ್ರೀತಿಯ ಮಾತಾದರೂ ಹಿತವಾದದ್ದಲ್ಲ. ಮಲಗಿದವನು ಏಳದಿದ್ದರೆ ಮಗು ನಿದ್ರೆಗೆ ಅಂಜುವದು; ಊರಿಗೆ ಹೋದವನು ಬಾರದಿದ್ದರೆ ತನ್ನನ್ನು ತೊರೆದನೆಂದು ನೆನಸುವದು.

1. ಕರ್ತನ ಮಾದರಿ. ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯವನ್ನು ಓದಿರಿ. ಲಾಜರನು ನಿದ್ರೆಮಾಡುತ್ತಾನೆಂದು ಕರ್ತನು ಮೊದಲು ಹೇಳಿದನು. ಶಿಷ್ಯರು ಅದನ್ನು ಸಾಧಾರಣ ನಿದ್ರೆಯೆಂದು ತಿಳಿದಾಗ ಆತನು ಮರೆಮಾಡದೆ, ಅವನು ಸತ್ತನೆಂದು ತಿಳಿಸಿದನು. ಪ್ರಾಯಸ್ಥರಿಗೇ ತಿಳಿಯದ ಮಾತು ಐದು ವರುಷದ ಮಗುವಿಗೆ ತಿಳಿದೀತೋ? ಇದಲ್ಲದೆ, ಎಬ್ಬಿಸುವೆನೆಂದು ಅರಿತಿದ್ದರೂ ಆತನು ಕಣ್ಣೀರು ಬಿಟ್ಟನು. ಆದಕಾರಣ ಅಳುವ ಮಗುವನ್ನು ನಾವು ಗದರಿಸಬಾರದು.

2. ಎರಡು ಕಥೆಗಳು. ಅಮೇರಿಕ ದೇಶದ ಮಿಸ್ಕಾ ಮೈಲ್ಸ್ ಎಂಬವರು 1971ರಲ್ಲಿ ಮಕ್ಕಳಿಗಾಗಿ ಒಂದು ಕಥೆಯನ್ನು ಪ್ರಕಟಿಸಿದರು. ನವಾಹೊ ಜನಾಂಗದ ಆನ್ನಿ ಎಂಬ ಹುಡುಗಿಯ ಅಜ್ಜಿಯು, ಮಗ್ಗದ ಮೇಲಿನ ಕಂಬಳಿ ಮುಗಿದಾಗ ತಾನು ಹೋಗುವೆನೆಂದು ಹೇಳಿದಳು. ನೇಯ್ಗೆ ಮುಗಿಯಬಾರದೆಂದು ಹುಡುಗಿಯು ಶಾಲೆಯಲ್ಲಿ ತಂಟೆಮಾಡಿದಳು, ಕುರಿಗಳನ್ನು ಬಿಟ್ಟಳು, ರಾತ್ರಿಯಲ್ಲಿ ನೂಲನ್ನು ಬಿಚ್ಚಿದಳು. ಅಜ್ಜಿಯು ಸಿಟ್ಟಾಗದೆ, ಕಾಲವನ್ನು ಹಿಡಿದು ನಿಲ್ಲಿಸಲಾಗದೆಂದು ತಿಳಿಸಿದಳು. ಕಡೆಗೆ ಹುಡುಗಿಯು ತಾನೇ ನೇಯಲು ಕೂತಳು. ಮಣ್ಣಿನ ಕುರಿತು ಅವರ ನಂಬಿಕೆ ನಮ್ಮದಲ್ಲ. ಆದರೂ ಮಗುವಿನ ತಂಟೆಯ ಹಿಂದೆ ದುಃಖವಿರಬಹುದೆಂಬ ಪಾಠ ನಮ್ಮದೇ.

ಡೆನ್ಮಾರ್ಕಿನ ಆಂಡರ್ಸನ್ 1845ರಲ್ಲಿ ಬರೆದ ಕಥೆಯಲ್ಲಿ ಬೆಂಕಿಕಡ್ಡಿ ಮಾರುವ ಬಡ ಹುಡುಗಿಯು ಚಳಿಯಲ್ಲಿ ತನ್ನ ಸತ್ತ ಅಜ್ಜಿಯನ್ನು ಕಂಡು, ತನ್ನನ್ನೂ ಒಯ್ಯಬೇಕೆಂದು ಬೇಡಿ ಪ್ರಾಣಬಿಡುವಳು. ಹೊಸದಾಗಿ ದುಃಖಪಡುವ ಮಗುವಿಗೆ ಇದನ್ನು ಒಂಟಿಯಾಗಿ ಓದಲು ಕೊಡಬೇಡಿರಿ. ಸಾಯುವದೇ ಅಜ್ಜಿಯನ್ನು ಸೇರುವ ದಾರಿಯೆಂದು ಅದು ತಿಳಿದೀತು. ದೇವರು ನಿನಗೆ ಬದುಕನ್ನು ಕೊಟ್ಟಿದ್ದಾನೆ, ನಾವು ನಿನ್ನ ಸಂಗಡ ಇದ್ದೇವೆ ಎಂದು ಹೇಳಿರಿ.

3. ಕಠಿಣವಾದ ಪ್ರಶ್ನೆ. ನಮ್ಮಲ್ಲಿ ಅನೇಕರ ಹಿರಿಯರು ದೀಕ್ಷಾಸ್ನಾನ ಹೊಂದದೆ ತೀರಿಹೋದರು. "ಅಜ್ಜ ಎಲ್ಲಿದ್ದಾನೆ?" ಎಂದು ಮಗು ಕೇಳಿದರೆ ಏನು ಹೇಳೋಣ? ನ್ಯಾಯಾಸನವು ನಮ್ಮದಲ್ಲ. ಸರ್ವಲೋಕದ ನ್ಯಾಯಾಧಿಪತಿಯು ನ್ಯಾಯವನ್ನೇ ಮಾಡುವನೆಂದು ಅಬ್ರಹಾಮನು ನಂಬಿದನು. "ನಿನ್ನ ಅಜ್ಜನನ್ನು ದೇವರು ನಮಗಿಂತ ಚೆನ್ನಾಗಿ ಬಲ್ಲನು, ಆತನು ಕರುಣೆಯುಳ್ಳವನು" ಎಂದು ಹೇಳುವದು ಸತ್ಯವೂ ಸಾಕಾದದ್ದೂ ಆಗಿದೆ. ಬೆದರಿಕೆಯ ಮಾತು ಮಗುವನ್ನು ಅಜ್ಜನಿಂದಲೂ ದೇವರಿಂದಲೂ ದೂರಮಾಡುವದು.

4. ಉಳಿದಿರುವ ಸ್ವಾಸ್ತ್ಯ. ತಿಮೊಥೆಯನ ನಂಬಿಕೆಯನ್ನು ನೆನಸುವಾಗ ಪೌಲನು ಅವನ ಅಜ್ಜಿಯಾದ ಲೋವಿಯ ಹೆಸರನ್ನೂ ಹೇಳಿದನು. ಹಾಗೆಯೇ ಸತ್ತವರ ಹೆಸರನ್ನು ಮನೆಯಲ್ಲಿ ಅಡಗಿಸದೆ, ಅವರು ಹೇಳಿದ ಕಥೆಯನ್ನು ಮಕ್ಕಳಿಂದ ಹೇಳಿಸಿರಿ; ಅವರು ನೆಟ್ಟ ಗಿಡಕ್ಕೆ ಮಕ್ಕಳಿಂದ ನೀರು ಹಾಕಿಸಿರಿ.

ಮನೆಯಲ್ಲಿ ಮಾತಾಡುವದಕ್ಕೆ: ನಮ್ಮ ಮನೆಯಲ್ಲಿ ಯಾವ ಹಿರಿಯರ ಹೆಸರನ್ನು ಈಗ ಯಾರೂ ಎತ್ತುವದಿಲ್ಲ? ಅವರ ಕುರಿತು ಮಕ್ಕಳು ಕೇಳಿದ ಯಾವ ಪ್ರಶ್ನೆಗೆ ನಾವು ಇನ್ನೂ ಉತ್ತರ ಕೊಟ್ಟಿಲ್ಲ?